ಗಜನಿಯ ಕಟ್ಟಿನಲ್ಲಿ ದೋಣಿ

ಅಘನಾಶಿನಿ ದಂಡೆ, ಕುಮಟಾ ತಾಲೂಕು
18-9-1961

ಮುಂಬಯಿಯಲ್ಲಿರುವ ನಮ್ಮ ಮನೆಯವರಿಗೆ ಅಂಬಾ ಮಾಡುವ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಗಿರಣಿಯ ಹತ್ತಿಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಹೋದ ಕಾಗದದಲ್ಲೂ ಬರೆದಿದ್ದೆ. ನೀವು ಕಟ್ಟಿಕೊಳ್ಳುವವರಲ್ಲ ಎಂದು ಗೊತ್ತಿದ್ದೇ ಬರೆಯುತ್ತೇನೆ. ಅತ್ತೆ ಗಟ್ಟಿಯಾಗಿದ್ದಾರೆ. ನಮ್ಮ ಮಾದಿ ಈಗ ಅಂಗಳ ದಾಟಿ ಓಡುತ್ತಾಳೆ, ಅವಳನ್ನು ಹಿಡಿಯಲಿಕ್ಕೇ ಒಬ್ಬರು ಬೇಕು. ಅಕ್ಷರ ಸೊಟ್ಟಗಿದ್ದರೆ ಬೇಸರಿಸಬೇಡಿ, ನನ್ನ ಅಂಗೈ ಇನ್ನೂ ಮಾಯ್ದಿಲ್ಲ.

ಚೌತಿಗೆ ಮೊದಲಿನ ಅಮಾವಾಸ್ಯೆಯಂದು ಸಮುದ್ರ ಉಬ್ಬಿ ಭರತದ ನೀರು ಏರಿದಾಗ ನಮ್ಮ ಗಜನಿ ಗದ್ದೆಯ ಕಟ್ಟು ಒಡೆದು ಹೊಳೆಯ ಉಪ್ಪುನೀರು ಒಳಗೆ ನುಗ್ಗಿತು. ಹೋಗುವಾಗ ನೀವು "ನಾಕು ಬುಟ್ಟಿ ಮಣ್ಣು ಹಾಕಿದ್ರೆ ಆತು" ಎಂದಿದ್ದಿರಲ್ಲ, ಅದೇ ಜಾಗ. ಮಣ್ಣು ಹಾಕಿದ್ದೆವು, ಈ ಮಳೆಗೆ ಅದು ನಿಲ್ಲಲಿಲ್ಲ. ಕಗ್ಗ ಭತ್ತ ಸ್ವಲ್ಪ ಉಪ್ಪು ತಾಳುತ್ತದೆ ನಿಜ, ದಿನಾ ಹೊಳೆಯೇ ಬಂದು ಹೋಗುತ್ತಿದ್ದರೆ ಯಾವ ಭತ್ತ ತಾಳುತ್ತದೆ? ಕೇರಿಯಲ್ಲಿ ಗಂಡಸರೆಂದರೆ ಪಕ್ಕದ ಮನೆಯ ಹೊನ್ನಣ್ಣ, ಮತ್ತೆ ಒಂದಿಬ್ಬರು ಮುದುಕರು. ಉಳಿದವರೆಲ್ಲ ನಿಮ್ಮ ಹಾಗೆ ಮುಂಬಯಿ ಸೇರಿದ್ದಾರೆ. ಹೆಂಗಸರೇ ನೀರಿಗಿಳಿದೆವು. ಮಣ್ಣು ತುಂಬಿದ ಗೋಣಿಚೀಲ, ಕೊಟ್ಟಿಗೆಯ ತಟ್ಟಿ, ಕೊನೆಗೆ ನಮ್ಮ ಬಚ್ಚಲಿನ ಬಾಗಿಲನ್ನೂ ಕಿತ್ತು ಅಡ್ಡ ಇಟ್ಟೆವು. ನೀರು ಎಲ್ಲವನ್ನೂ ಒಯ್ದಿತು. ಇಳಿತ ಶುರುವಾದಾಗ ಹೊನ್ನಣ್ಣ ಕಟ್ಟಿನ ಮೇಲೆ ಕುಳಿತು, "ಇದ್ಕೆ ಗಟ್ಟಿ ಸಾಮಾನು ಬೇಕು ಅಂಬಾ, ಉದ್ದಂದು ಬೇಕು" ಎಂದ. ಅವನ ಕಣ್ಣು ನಮ್ಮ ಅಂಗಳದ ಕಡೆಗಿತ್ತು. ಮಳೆಗಾಲಕ್ಕೆಂದು ಅಲ್ಲಿ ದೋಣಿ ಮಗುಚಿಟ್ಟಿದ್ದೆವು. ಅದರ ಹೆಸರನ್ನು ಮಾತ್ರ ಅವನು ಎತ್ತಲಿಲ್ಲ.

ಮಾವ ತಮ್ಮ ಕೈಯಾರೆ ಕಟ್ಟಿದ ದೋಣಿ. ನೀವು ಗಿರಣಿ ಬಿಟ್ಟು ಬಂದು ಅದರಲ್ಲೇ ಮೀನಿಗೆ ಹೋಗುವ ಆಸೆಯಲ್ಲಿದ್ದಿರಿ. ನಿಮ್ಮನ್ನು ಕೇಳಲು ಹೊತ್ತಿರಲಿಲ್ಲ. ಮುಂದಿನ ಭರತದೊಳಗೆ ಕಟ್ಟಿನ ಒಡೆದ ಬಾಯಿ ಮುಚ್ಚದಿದ್ದರೆ ಇಡೀ ಗಜನಿ ಹೋಗುತ್ತಿತ್ತು. ತೆಗೆದುಕೊಳ್ಳಿ ಎಂದೆ. ತೆಂಗಿನ ಮಡಲು ಹಾಸಿ ಅದರ ಮೇಲೆ ಎಳೆದುಕೊಂಡು ಹೋಗಿ, ಒಡೆದ ಬಾಯಿಗೆ ಅಡ್ಡ ಇಟ್ಟೆವು. ಹಾಗೇ ಬಿಟ್ಟರೆ ಭರತಕ್ಕೆ ತೇಲಿಬಿಡುತ್ತದೆ, ತಳ ಒಡೆದು ಮಣ್ಣು ತುಂಬಬೇಕು ಎಂದ ಹೊನ್ನಣ್ಣ, ಕೊಡಲಿಯನ್ನು ಮಾತ್ರ ಕೆಳಗಿಟ್ಟ. ಯಾರೂ ಮುಟ್ಟಲಿಲ್ಲ. ನಾನೇ ಎತ್ತಿಕೊಂಡೆ. ಹಲಗೆ ಎಷ್ಟು ಗಟ್ಟಿಯಿತ್ತೆಂದರೆ ಕೈಯ ತೊಗಲು ಹೋಯಿತು. ಅತ್ತೆ ಜಗಲಿಯಲ್ಲಿ ನಿಂತು ನೋಡುತ್ತಿದ್ದವರು ಒಳಗೆ ಹೋದರು.

ನೀರು ಮತ್ತೆ ಏರಿತು. ಸಂದಿಯಲ್ಲಿ ಜಿನುಗಿತೇ ಹೊರತು ಒಳಗೆ ನುಗ್ಗಲಿಲ್ಲ. ಅಂಚಿನ ಭತ್ತ ಕೆಂಪಾಗಿ ಸತ್ತಿತು, ನಡುವಿನದು ನಿಂತಿದೆ. ಎಲ್ಲರೂ ನನ್ನನ್ನು ಹೊಗಳಿದರು. ನನಗೆ ಮಲಗಿದರೆ ಸಾಕಾಗಿತ್ತು. ಸಂಜೆ ಅತ್ತೆ ಕೊಬ್ಬರಿ ಎಣ್ಣೆ ತಂದು ನನ್ನ ಕೈ ಹಿಡಿದುಕೊಂಡು ಹಚ್ಚಿದರು. "ಅವ ಕೇಳಿದ್ರೆ ನಾನೇ ಒಡೆಸಿದ್ದು ಅಂತ ಬರಿ. ನನ್ನ ಅವ ಎಂತ ಮಾಡೂಕಾತದೆ" ಎಂದರು. ಹಾಗೆ ಬರೆಯಲು ನನಗೆ ಮನಸ್ಸಾಗಲಿಲ್ಲ. ಒಡೆದದ್ದು ನಾನೇ. ಸಿಟ್ಟು ಬಂದರೆ ನನ್ನ ಮೇಲೇ ಇರಲಿ.

ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ಹೊನ್ನಣ್ಣ ನೆನಪು ಹೇಳಿದ್ದಾನೆ. ಧಾರೇಶ್ವರ ನಿಮ್ಮನ್ನು ತಣ್ಣಗಿಟ್ಟಿರಲಿ.

ನಿಮ್ಮ
ಅಂಬಾ

ತಾ.ಕ.: ಟಪಾಲಿನವನು ಬಂದು ನಿಂತಿದ್ದಾನೆ. ದೋಣಿಯ ಮರ ಕೊಳೆಯುವುದರೊಳಗೆ ಅಲ್ಲಿ ಕಲ್ಲು ಕಟ್ಟಬೇಕು ಎನ್ನುತ್ತಾನೆ ಹೊನ್ನಣ್ಣ. ದೀಪಾವಳಿಗೆ ಬರಲಾಗದು, ಅಂಬಾ ಹೇಗಾದರೂ ಸಂಭಾಳಿಸುತ್ತಾಳೆ ಎಂದು ನೀವು ಅತ್ತೆಯ ಹೆಸರಿಗೆ ಬರೆದದ್ದನ್ನು ಓದಿದೆ. ಇಷ್ಟು ದಿನ ಸಂಭಾಳಿಸಿದೆ. ಇನ್ನು ನನ್ನಿಂದಾಗದು. ಬನ್ನಿ.