ಕೆರೆಯ ಮೇಲೆ ತೂರಿದ ಭಂಡಾರ

ಗುರುಸಿದ್ಧ,

ಎದ್ದ ಕೂಡಲೇ ಈಜೋ ಚಷ್ಮಾ ಹುಡುಕಬ್ಯಾಡ. ನಾನೇ ಮುಚ್ಚಿಟ್ಟೀನಿ.

ರೊಟ್ಟಿ ಬುಟ್ಟ್ಯಾಗ ಅದಾವ. ಶೇಂಗಾ ಹಿಂಡಿ ಮ್ಯಾಲಿನ ಡಬ್ಬ್ಯಾಗ ಐತಿ.

ಮೊಸಳಿ ಇರೋ ಕೆರಿಯಾಗ ಪಾಚಿ ಸರಿಸಿ ಮುಳುಗಿ ವಿಡಿಯೋ ಮಾಡ್ತಿ. ಬ್ಯಾಡ ಅಂದ್ರ, "ನನ್ನ ಕಂಡ್ರ ಅದೇ ಓಡತೈತಿ" ಅಂತ ನಗ್ತಿ.

ನಿನ್ನೆ ನೀ ಸೋಲಾಪುರಕ್ಕ ಹೋದಾಗ ನಾ ಕುರಿ ಮೈ ತೊಳಿಯಾಕ ಹೋಗಿದ್ದೆ. ಇಳಿಯೋ ಮೊದಲು ನಮ್ಮ ದೇವ್ರು ಬೀರೋಬಾನ ಹೆಸರಲೆ ನೀರಿನ ಮ್ಯಾಲ ಅರಿಷಿಣದ ಭಂಡಾರ ತೂರಿದೆ. ಗಾಳಿ ಇರಲಿಲ್ಲ. ಕೆಳಗ ಏನೋ ಹಾಯ್ದಂಗ ಆ ಹಳದಿ ಸೀಳಿಕೊಂತ ಒಂದು ಗೆರಿ ಆಚೆ ದಂಡಿಗೆ ಹೋತು. ನೀ ಜಿಗಿಯೋ ಕಲ್ಲಿನ ಹತ್ರ ನಿಂತುಬಿಡ್ತು.

ಈಚೆ ಕಡೆ ಇಷ್ಟು ಕುರಿ ಇದ್ರೂ ಇತ್ತ ಹೊರಳಲಿಲ್ಲ.

ದಿನಾ ನೀ ಇಳಿಯೋ ಹೊತ್ತದು, ತಮ್ಮಾ. ನಿನ್ನ ದಾರಿ ನೋಡಾಕತ್ತಿತ್ತು.

ಸಾರಿಕಕ್ಕ