ಕೀಲುನೋವಿಗೆಂದು ಕೊಟ್ಟ ರಕ್ತ

ಹೊಕಿಯಾಂಗ,
೯ ಅಕ್ಟೋಬರ್ ೨೦೦೭

ಪ್ರೀತಿಯ ತಮ್ಮ ಟೀಪೆನೆ,

ನಿನ್ನ ಸೊಂಟ ಹೇಗಿದೆ? ಗಣಿಯ ಲಾರಿಯಲ್ಲಿ ಹನ್ನೆರಡು ಗಂಟೆ ಕೂರುವವನು ಮಧ್ಯೆ ಇಳಿದು ನಾಲ್ಕು ಹೆಜ್ಜೆ ನಡೆಯಬೇಕೆಂದು ಎಷ್ಟು ಸಲ ಬರೆಯಲಿ? ನನಗೇನೂ ಕಾಯಿಲೆಯಿಲ್ಲ, ಆದರೆ ಎರಡು ವಾರದಿಂದ ಊಟ ಸೇರುತ್ತಿಲ್ಲ.

೧೯೯೮ರ ಮಾರ್ಚ್‌ನಲ್ಲಿ ಪ್ರೊಫೆಸರ್ ಹಾರ್ಗ್ರೀವ್ ನಮ್ಮ ಕುಲದ ಸಭಾಮನೆ ಮರಾಯೆಗೆ ಬಂದು, ಕುಲದ ಹಿರಿಯರೆಲ್ಲ ಕೂತಿದ್ದಾಗ, ಕೀಲುನೋವಿನ ಸಂಶೋಧನೆಗೆಂದು ನಲವತ್ತೊಂದು ಜನರ ರಕ್ತ ತೆಗೆದುಕೊಂಡ. ಕಳೆದ ತಿಂಗಳ ಇಪ್ಪತ್ನಾಲ್ಕರಂದು ಅದೇ ರಕ್ತದ ಆಧಾರದ ಮೇಲೆ, ನಮ್ಮ ಮಾವೊರಿ ಜನರ ಸಿಟ್ಟು ವಂಶವಾಹಿಯಲ್ಲೇ ಇದೆ ಎಂದು ಪತ್ರಿಕೆಯಲ್ಲಿ ಸಾರಿದ್ದಾನೆ. ರಕ್ತ ತೆಗೆದ ದಿನ ಕರರೈನಾ ಅತ್ತೆ, "ಆ ಡಬ್ಬಿನ ಊಟದ ಮೇಜಿನ ಮೇಲಿಂದ ತೆಗೀಯಪ್ಪಾ, ಅದು ರಕ್ತ, ಬೆಣ್ಣೆಯಲ್ಲ" ಎಂದು ಗದರಿದ್ದು, ಅವನು ನಕ್ಕು ಎತ್ತಿಕೊಂಡದ್ದು ನಿನಗೆ ನೆನಪಿರಬೇಕು. ಅತ್ತೆ ನನ್ನ ಕಿವಿಯಲ್ಲಿ, "ನೈರಿ, ಇದನ್ನ ಇನ್ನೇನಕ್ಕೆ ಬಳಸ್ತಾನೆ ಕೇಳೇ" ಅಂದಳು. "ಓದಿದೋರು ಅತ್ತೆ, ಸುಮ್ನಿರಿ" ಎಂದವಳು ನಾನು. ಮೂವತ್ತು ವರ್ಷ ಗ್ರಂಥಾಲಯ ನೋಡಿಕೊಂಡ ನನ್ನ ಮಾತು ನಂಬಿಯೇ ನೀನೂ ತೋಳು ಚಾಚಿದೆ.

ಅವನ ವರದಿಯನ್ನು ಪೂರ್ತಿ ಓದಿದೆ. ನಮ್ಮ ಪಾದದ ಊತವನ್ನು ಅಳೆದಿದ್ದಾರೆ, ಸಿಟ್ಟನ್ನು ಒಬ್ಬರೂ ಅಳೆದಿಲ್ಲ. ಅವನು ಹೆಸರಿಸುವ ವಂಶವಾಹಿ ಜಗತ್ತಿನ ಎಲ್ಲ ಜನಾಂಗಗಳಲ್ಲೂ ಇದೆ, ಅವನ ರಕ್ತದಲ್ಲೂ ಇರಬಹುದು. ಸ್ವಭಾವಕ್ಕೆ ಶರೀರದ ಬೇರಿಲ್ಲ ಎಂದು ನಾನು ಹೇಳುವುದಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿ ನೀನು ಮೌನಿ, ನಾನು ಬಾಯಿಬಡುಕಿ. ಆದರೆ ಒಂದು ಎಳೆ ಹಿಡಿದು ಇಡೀ ಕುಲಕ್ಕೆ ಹಣೆಪಟ್ಟಿ ಕಟ್ಟುವುದು ವಿಜ್ಞಾನವಲ್ಲ, ಹೊಲಸು. ೧೯೫೪ರಲ್ಲಿ ಶಾಲಾ ತನಿಖಾಧಿಕಾರಿ ನಮ್ಮ ತರಗತಿಯ ಪುಸ್ತಕದಲ್ಲಿ, "ಈ ಮಕ್ಕಳಿಗೆ ಕೈಕೆಲಸವೇ ಸಾಕು, ಬುದ್ಧಿ ಹುಟ್ಟಿನಿಂದ ಬರಬೇಕು" ಎಂದು ಬರೆದಿದ್ದ. ಆಗ ಸೂಜಿಯಿರಲಿಲ್ಲ, ಅಷ್ಟೇ ವ್ಯತ್ಯಾಸ.

ನನ್ನ ಬಳಿಯಿರುವ ನಿನ್ನ ಮಗಳು ವೈಮಾರಿಯೆಯ ವಿಷಯ ಕೇಳು. ಆ ಪತ್ರಿಕೆಯ ಪುಟವನ್ನು ಶಾಲೆಯ ವಿಜ್ಞಾನದ ಕೋಣೆಯಲ್ಲಿ ಅಂಟಿಸಿದ್ದರಂತೆ. ಒಬ್ಬ ಹುಡುಗ, "ವೈಮಾರಿಯೆ ಹತ್ರ ಕೂರಬೇಡ್ರೋ, ಕಚ್ತಾಳೆ" ಎಂದನಂತೆ. ಅವಳು ಅವನನ್ನು ಮುಟ್ಟಲಿಲ್ಲ, ಎದ್ದು ಹೋಗಿ ಕಾಗದ ಹರಿದಳು. ಹರಿದದ್ದನ್ನೇ ಅವಳ ಸಿಟ್ಟಿಗೆ ಸಾಕ್ಷಿ ಮಾಡಿ ಮನೆಗೆ ಕಳಿಸಿದ್ದಾರೆ. ಮುಖ್ಯೋಪಾಧ್ಯಾಯ ನನ್ನ ಕೈ ತಟ್ಟಿ, "ಬೇಜಾರು ಮಾಡ್ಕೋಬೇಡಿ ಆಂಟಿ, ಅವಳ ತಪ್ಪಲ್ಲ, ಹುಟ್ಟಿಂದ ಬಂದಿದ್ದು" ಅಂದ. ಆ ಕೈಯನ್ನು ಸೋಪು ಹಾಕಿ ತೊಳೆದುಕೊಂಡೆ. ಹುಡುಗಿ ಈಗ, "ಅತ್ತೇ, ನಾನು ನಿಜವಾಗ್ಲೂ ಹಾಗೇನಾ?" ಎಂದು ಕೇಳುತ್ತಾಳೆ.

ಬೆಚ್ಚಗಿರು. ನಮ್ಮ ಹಿರಿಯರ ಕಣ್ಣು ನಿನ್ನ ಮೇಲಿರಲಿ.

ನಿನ್ನ ಅಕ್ಕ,
ನೈರಿ

ಮರೆತೆ, ಟೀಪೆನೆ: ಅವಳನ್ನು ಶಾಲೆಯಿಂದ ತೆಗೆದುಹಾಕುವ ಸಭೆ ಹತ್ತೊಂಬತ್ತಕ್ಕಿದೆ. ಅಷ್ಟರೊಳಗೆ ತಂದೆಯಾಗಿ ನಿನ್ನ ಪತ್ರ ಬರಬೇಕು. ಪ್ರೊಫೆಸರನಿಗೆ ನಾನು ಮೂರು ಸಲ ಬರೆದೆ. "ಖಾಸಗಿಯಾಗಿ ಮಾತಾಡೋಣ" ಎಂದಿದ್ದಾನೆ. ಪತ್ರಿಕೆಯಲ್ಲಿ ಅಂದದ್ದಕ್ಕೆ ಖಾಸಗಿ ಉತ್ತರ ಬೇಡ. ಆ ಸಭೆಗೆ ಬರಲಿ. ಕೀಲುನೋವಿಗೆಂದು ಕೊಟ್ಟ ರಕ್ತವನ್ನು ಯಾರ ಒಪ್ಪಿಗೆ ಪಡೆದು ಸಿಟ್ಟಿಗೆ ಬಳಸಿದನೆಂಬುದನ್ನು ಈ ಹದಿನೈದರ ಹುಡುಗಿಯ ಎದುರು, ಊರೆಲ್ಲ ಕೇಳುವಂತೆ ನಿಂತು ಹೇಳಲಿ.