ಜಾಗ ಬಿಟ್ಟು ಹುಟ್ಟಿದ ನಾಳ

ಪುರಸೈವಾಕ್ಕಂ, ಚೆನ್ನೈ
14 ಸೆಪ್ಟೆಂಬರ್ 2025

ಪ್ರೀತಿಯ ಅವ್ವಾ,

ನಿನ್ನ ಮಂಡಿನೋವು ಹೇಗಿದೆ? ನವ್ಯಕ್ಕನ ಬಾಣಂತನದ ಗಡಿಬಿಡಿಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಕೂಸಿನ ಫೋಟೊ ನೋಡಿದೆ. ಮೂಗು ಭಾವನದೇ, ಪಾಪ. ಇಲ್ಲಿ ಅಪ್ಪಾಜಿ ಈಗ ಆರಾಮಾಗಿದ್ದಾರೆ. 'ಈಗ' ಎಂದು ಯಾಕೆ ಬರೆದೆನೆಂದರೆ, ಹೋದ ವಾರ ಅವರು ನಿನಗೆ ಹೇಳಿದಂತೆ ಸೀರೆ ಖರೀದಿಗೆ ಕಾಂಚೀಪುರಕ್ಕೆ ಹೋಗಿರಲಿಲ್ಲ, ಆಸ್ಪತ್ರೆಯಲ್ಲಿದ್ದರು. 'ಬಾಣಂತಿ ಮನಿ, ಹೇಳಬ್ಯಾಡ' ಎಂದರು. ಎಂಟು ದಿನ ಆ ಸುಳ್ಳಿಗೆ ನಾನೂ ಜೊತೆಯಾದೆ. ಇನ್ನು ಆಗುವುದಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಅರ್ಧ ಕೇಳಿ ದಾವಣಗೆರೆ ಬಸ್ ಸ್ಟ್ಯಾಂಡಿಗೆ ಓಡುತ್ತೀಯ, ಅದಕ್ಕೇ ಕಾಗದ.

ಅಂಗಡಿ ಮೆಟ್ಟಿಲು ಹತ್ತುವಾಗ ಅವರಿಗೆ ಎದೆ ಹಿಡಿದುಕೊಳ್ಳುತ್ತಿತ್ತು. ಗ್ಯಾಸ್ ಎಂದು ತಿಂಗಳುಗಟ್ಟಲೆ ಓಮಿನ ನೀರು ಕುಡಿದರು. ಕೊನೆಗೆ ನಾನೇ ಆಟೋದಲ್ಲಿ ಕರೆದೊಯ್ದೆ. ಅಲ್ಲಿ ಕೈಯ ರಕ್ತನಾಳದಿಂದ ಹೃದಯದವರೆಗೆ ತೆಳು ನಳಿಗೆ ತೂರಿಸಿ ಎಕ್ಸ್‌ರೇಯಲ್ಲಿ ನೋಡಬೇಕೆಂದರು. ಮೇಜಿನ ಮೇಲೆ ಮಲಗಿಸಿದಾಗ ನರ್ಸಮ್ಮ ಕೊರಳಿನಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ತೋರಿಸಿ 'ಅಯ್ಯಾ, ಅದೈ ಕಳಟ್ಟುಂಗ', ಅದನ್ನು ಬಿಚ್ಚಿಡಿ, ಎಂದರು. ಬೆಳ್ಳಿಯ ನೆರಳು ಎಕ್ಸ್‌ರೇಗೆ ಅಡ್ಡ ಬರುತ್ತದಂತೆ. ಅಪ್ಪಾಜಿ 'ಲಿಂಗ ಮೈ ಬಿಟ್ಟು ಇರಂಗಿಲ್ರೀ' ಎಂದು ಮೇಜಿನಿಂದ ಎದ್ದೇ ಬಂದರು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಹೃದಯದ ವಿಷಯ ಏನು ಗೊತ್ತು? ಆದರೆ ದಿನಾ ಪೂಜೆಯಲ್ಲಿ ಲಿಂಗ ಎಡಗೈ ಮೇಲೇ ಇರುವುದನ್ನು ನೋಡಿದ್ದೇನೆ. ನಳಿಗೆ ಬಲಗೈಗೆ ಹಾಕಿ, ಕರಡಿಗೆ ತೆಗೆದು ಲಿಂಗವಷ್ಟೇ ಎಡಗೈಯಲ್ಲಿರಲಿ ಎಂದೆ. ಡಾಕ್ಟರ್ ಗಿರಿಧರ್ ಮಂಡ್ಯದವರು, ನಕ್ಕು ಒಪ್ಪಿದರು. ಬಟ್ಟೆ ಸುತ್ತಿ ಮುಷ್ಟಿಗೆ ಬ್ಯಾಂಡೇಜು ಕಟ್ಟಿಸಿದರು.

ಆದರೂ ಒಂದು ಗಂಟೆ ಹುಡುಕಿದರೂ ಹೃದಯದ ಬಲಗಡೆಯ ರಕ್ತನಾಳದ ಬಾಯಿ ಸಿಗಲಿಲ್ಲ. ನಿಲ್ಲಿಸಿ, ಸ್ಕ್ಯಾನ್ ಮಾಡಿದರು. 'ಯಜಮಾನ್ರೇ, ಬಲಗಡೆ ಹುಟ್ಟಬೇಕಾದ್ದು ನಿಮಗೆ ಎಡಗಡೆ ಹುಟ್ಟಿದೆ. ಅದರೊಳಗೇ ಅಡೈಪು. ಜಾಗ ಗೊತ್ತಾಯ್ತಲ್ಲ, ಇನ್ನು ಬಿಡಲ್ಲ' ಎಂದರು ಡಾಕ್ಟರ್. ಇಷ್ಟು ವರ್ಷ ಇಲ್ಲಿದ್ದು ಅಡಚಣೆಗೆ ಅವರೂ ತಮಿಳಿನಲ್ಲೇ ಅಡೈಪು ಎನ್ನುತ್ತಾರೆ. ಅಪ್ಪಾಜಿ ನನ್ನ ಕಡೆ ತಿರುಗಿ, 'ನಿನ್ನಂಗ ಐತಲ್ಲಲೇ, ಇರಬೇಕಾದ ಜಾಗದಾಗ ಇರಂಗಿಲ್ಲ' ಎಂದರು. ನಾನು ನಾಲ್ಕು ಕೆಲಸ ಬಿಟ್ಟದ್ದಕ್ಕೆ ಆ ಮಾತು. ಎರಡು ದಿನ ಬಿಟ್ಟು ತುದಿ ಬೇರೆ ರೀತಿ ಬಾಗಿದ ನಳಿಗೆ ಹಾಕಿದರು. ಬೇಗ ಸಿಕ್ಕಿತು, ಸ್ಟೆಂಟ್ ಕೂರಿಸಿದರು. ಈಗ ಮೆಟ್ಟಿಲು ಹತ್ತಿ ನಿಂತು ಕೆಳಗಿರುವ ನನ್ನನ್ನು ಬೈಯುತ್ತಾರೆ. ಕೇಳಲು ಚೆನ್ನಾಗಿದೆ.

ಭಾವನಿಗೆ ಶರಣು ಹೇಳು. ಕೂಸಿಗೆ ಮಾಮನ ಮುತ್ತು. ನಿನ್ನ ಪಾದಗಳಿಗೆ ಶರಣು.

ನಿನ್ನ ಮಗ,
ಶಿವಶರಣ

ತಾ.ಕ.: ಇಂಥದ್ದು ಕೆಲವು ಮನೆಗಳಲ್ಲಿ ಮಕ್ಕಳಿಗೂ ಇರಬಹುದು, ಒಮ್ಮೆ ತೋರಿಸಿ ಎಂದಿದ್ದಾರೆ ಡಾಕ್ಟರ್. ನನ್ನದು ಶುಕ್ರವಾರ ನೋಡಿದರು, ಸರಿ ಇದೆ. ಅಕ್ಕನದು ಉಳಿದಿದೆ. ಬಸುರಿಯಿದ್ದಾಗ ಅವಳು ಎದೆ ಬಿಗಿಯುತ್ತದೆ ಅಂದಾಗ ನಾವ್ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಪ್ಪಾಜಿಯ ರಿಪೋರ್ಟ್ ಇದರ ಜೊತೆ ಇಟ್ಟಿದ್ದೇನೆ, ಇದು ತಲುಪಿದ ದಿನವೇ ಹೃದಯದ ಡಾಕ್ಟರ ಬಳಿ ಕರೆದುಕೊಂಡು ಹೋಗು. ಇದನ್ನೆಲ್ಲ ಅಪ್ಪಾಜಿಗೆ ಓದಿ ಹೇಳಿದೆ. ಬೈದರು. ಆಮೇಲೆ ಲಕೋಟೆಗೆ ತಾವೇ ಗೋಂದು ಹಚ್ಚಿ, 'ಸ್ಪೀಡ್ ಪೋಸ್ಟ್ ಮಾಡು ಲೇ' ಎಂದರು.